ದೋಣಿಮನೆಯ ಇಲಿಗಳು

ಇಂಗ್ಲೆಂಡಿನ ಕಾಲುವೆಗಳಲ್ಲಿ ಮನೆಮಾಡಿಕೊಂಡವರ ಉದ್ದನೆಯ ದೋಣಿಗೆ ನ್ಯಾರೋಬೋಟ್ ಎನ್ನುತ್ತಾರೆ. ಉದ್ದ 50 ಅಡಿ, 60 ಅಡಿ, ಹೆಚ್ಚೆಂದರೆ 72 ಅಡಿ ಇದ್ದೀತು. ಅಗಲ ಮಾತ್ರ 6 ಅಡಿ 10 ಇಂಚನ್ನು ದಾಟುವಂತಿಲ್ಲ. 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಮಧ್ಯ ಇಂಗ್ಲೆಂಡಿನ ಕಾಲುವೆಗಳನ್ನು ತೋಡಿಸಿದಾಗ, ದೋಣಿಯನ್ನು ಒಂದು ಮಟ್ಟದ ನೀರಿನಿಂದ ಇನ್ನೊಂದು ಮಟ್ಟಕ್ಕೆ ಏರಿಸಿ ಇಳಿಸುವ ಲಾಕ್‌ಗಳಿಗೆ ಏಳು ಅಡಿ ಅಗಲವನ್ನು ಗೊತ್ತುಮಾಡಿದ. ಆಗ ಕಲ್ಲಿದ್ದಲು, ದವಸ, ಮಡಕೆ-ಕುಡಿಕೆ ಹೇರಿಕೊಂಡು ಕುದುರೆ ಎಳೆಯುತ್ತಿದ್ದ ದೋಣಿಗಳಿಗೆಂದು ಇಟ್ಟ ಅಳತೆಯೇ ಇವತ್ತು ಜನರ ಮನೆಯ ಅಗಲವನ್ನು ನಿರ್ಧರಿಸಿದೆ. ಆ ಕಿರಿದಾದ ಜಾಗದಲ್ಲೇ ಒಲೆ, ಹಾಸಿಗೆ, ಬಚ್ಚಲು, ನೀರಿನ ಟ್ಯಾಂಕು, ಬ್ಯಾಟರಿ, ಗ್ಯಾಸ್ ಸಿಲಿಂಡರ್, ಎಂಜಿನ್ ಎಲ್ಲವೂ ಇರಬೇಕು. ಒಳಗೆ ಇಲಿ ಸೇರಿಕೊಂಡರೆ ಅದರಿಂದ ದೂರ ಹೋಗಿ ಮಲಗಲು ಇನ್ನೊಂದು ಕೋಣೆ ಇರುವುದಿಲ್ಲ.

ನೆಲದ ಮೇಲಿನ ಮನೆಯಲ್ಲಿ ಇಲಿಕಾಟವೆಂದರೆ ಅಕ್ಕಿಚೀಲ ತೂತಾಗುವುದು, ಬಟ್ಟೆ ಚಿಂದಿಯಾಗುವುದು. ದೋಣಿಯಲ್ಲಿ ಪ್ರಾಣಕ್ಕೇ ಸಂಚಕಾರ ಬರಬಹುದು. ಗೋಡೆಯ ಹಿಂದೆ ಹಾದುಹೋಗುವ 12 ವೋಲ್ಟಿನ ತಂತಿಯ ಹೊದಿಕೆಯನ್ನು ಕಡಿದರೆ ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ. ಪ್ಲಾಸ್ಟಿಕ್ ನೀರಿನ ಪೈಪಿಗೆ ಹಲ್ಲು ಹಾಕಿದರೆ ಟ್ಯಾಂಕಿನ ನೀರೆಲ್ಲ ಸದ್ದಿಲ್ಲದೆ ದೋಣಿಯ ತಳ ಸೇರುತ್ತದೆ. ಪ್ರೊಪೆಲ್ಲರ್ ಸರಳು ಹೊರಕ್ಕೆ ಹೋಗುವ ಜಾಗದಲ್ಲಿ ಹಳೆಯ ಮಾದರಿಯ ದೋಣಿಗಳಲ್ಲಿ ಹನಿ ಹನಿ ನೀರು ಒಳಗೆ ಇಳಿಯುತ್ತಲೇ ಇರುತ್ತದೆ. ಅದನ್ನು ಹೊರಹಾಕುವ ಪಂಪಿನ ತಂತಿ ತುಂಡಾದರೆ ಖಾಲಿ ಬಿಟ್ಟುಹೋದ ದೋಣಿ ಮುಳುಗಲೂಬಹುದು. ಈ ಭಯದಲ್ಲಿ ಬಹಳ ಜನ ಮೊದಲು ಕೈಹಾಕುವುದು ಪಾಷಾಣಕ್ಕೆ. ದೋಣಿಯಲ್ಲಿ ಅದಕ್ಕಿಂತ ಕೆಟ್ಟ ಆಯ್ಕೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳು ಅರ್ಧ ಇಲಿಯ ಮೈಯಲ್ಲಿವೆ, ಅರ್ಧ ದೋಣಿಯ ಕಟ್ಟಡದಲ್ಲಿವೆ.

ಕಟ್ಟಡದ ಮಾತು ಮೊದಲು. ದೋಣಿ ಕಟ್ಟುವವರು ‘10-6-4’ ಎಂಬ ಲೆಕ್ಕ ಹೇಳುತ್ತಾರೆ. ತಳಕ್ಕೆ 10 ಮಿ.ಮೀ. ದಪ್ಪದ ಉಕ್ಕಿನ ತಗಡು, ಪಕ್ಕಗಳಿಗೆ 6 ಮಿ.ಮೀ., ಮೇಲಿನ ಕ್ಯಾಬಿನ್ನಿಗೆ 4 ಮಿ.ಮೀ. ಉಕ್ಕಿನ ಒಳಮೈಗೆ ನೊರೆಯಂತೆ ಸಿಂಪಡಿಸಿ ಗಟ್ಟಿಯಾಗಿಸಿದ ಪಾಲಿಯುರೆಥೇನ್ ಪದರ. ಚಳಿ ತಡೆಯಲು ಅದು ಬೇಕೇಬೇಕು. ಅದರ ಮೇಲೆ ಪ್ಲೈವುಡ್ ಹಲಗೆ. ನೆಲದ ಹಲಗೆಯ ಅಡಿಯಲ್ಲಿ ದೋಣಿ ವಾಲದಂತೆ ಹೇರಿದ ಇಟ್ಟಿಗೆ ಇಲ್ಲವೇ ಕಾಂಕ್ರೀಟ್ ಚಪ್ಪಡಿಗಳು. ಉಕ್ಕಿಗೂ ಹಲಗೆಗೂ ನಡುವೆ, ಚಪ್ಪಡಿ ಚಪ್ಪಡಿಗಳ ನಡುವೆ, ದೋಣಿಯ ಈ ತುದಿಯಿಂದ ಆ ತುದಿಯವರೆಗೂ ಕತ್ತಲ ಓಣಿಗಳು. ಮನುಷ್ಯನ ಕೈ ಅಲ್ಲಿಗೆ ತಲುಪುವುದಿಲ್ಲ. ಇಲಿಗೆ ಅಲ್ಲಿ ಬೆಚ್ಚಗಿನ ಗೂಡು, ಗೂಡಿಗೆ ಹಾಸಲು ನೊರೆಯ ಚೂರು ಎರಡೂ ಸಿಗುತ್ತವೆ.

ಇನ್ನು ಇಲಿಯ ಬಾಯಿ. ಇದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಮೇಲೆರಡು, ಕೆಳಗೆರಡು ಬಾಚಿಹಲ್ಲು, ಅವುಗಳ ಹಿಂದೆ ಬಹಳಷ್ಟು ಖಾಲಿ ಜಾಗ, ಆಮೇಲೆ ದವಡೆಹಲ್ಲು. ಬಾಚಿಹಲ್ಲಿನ ಮುಂಬದಿಗೆ ಮಾತ್ರ ಗಟ್ಟಿ ಎನಾಮಲ್ ಇದೆ. ಕಬ್ಬಿಣದ ಅಂಶ ಸೇರಿರುವುದರಿಂದ ಅದರ ಬಣ್ಣ ಹಳದಿಗೂ ಕಿತ್ತಳೆಗೂ ನಡುವಿನದು. ಹಿಂಬದಿಯದು ಅದಕ್ಕಿಂತ ಮೆದುವಾದ ಡೆಂಟಿನ್. ಕಡಿದಂತೆಲ್ಲ ಹಿಂಬದಿ ಬೇಗ ಸವೆದು ಮುಂಬದಿ ನಿಲ್ಲುತ್ತದೆ. ಬಡಗಿಯ ಉಳಿ ತನ್ನನ್ನು ತಾನೇ ಮಸೆದುಕೊಂಡ ಹಾಗೆ ಅಂಚು ಸದಾ ಹರಿತ. ಈ ಹಲ್ಲು ಬೆಳೆಯುವುದನ್ನು ನಿಲ್ಲಿಸುವುದೇ ಇಲ್ಲ. ಕಂದು ಇಲಿಯಲ್ಲಿ ಅದು ವರ್ಷಕ್ಕೆ 10 ಸೆಂ.ಮೀ.ಗೂ ಹೆಚ್ಚು ಬೆಳೆಯುತ್ತದೆ, ಅಷ್ಟೇ ಸವೆಯುತ್ತದೆ. ಕಡಿಯುವ ಹೊತ್ತಿನಲ್ಲಿ ತುಟಿಯ ಎರಡೂ ಬದಿಯ ಮಡಿಕೆಗಳು ಆ ಖಾಲಿ ಜಾಗಕ್ಕೆ ಒಳಸರಿದು ಬಾಚಿಹಲ್ಲಿನ ಹಿಂದೆ ಬಾಯಿಯನ್ನು ಮುಚ್ಚಿಬಿಡುತ್ತವೆ. ಕಿತ್ತ ಪ್ಲಾಸ್ಟಿಕ್ ಚೂರು ಗಂಟಲಿಗೆ ಇಳಿಯದೆ ಹೊರಗೇ ಉದುರುತ್ತದೆ. ತಂತಿಯನ್ನು ಇಲಿ ಹಸಿವಿಗಾಗಿ ಕಡಿಯುವುದಿಲ್ಲ; ದಾರಿಗೆ ಅಡ್ಡ ಬಂದದ್ದನ್ನು, ಹಲ್ಲಿಗೆ ಹಿಡಿತ ಸಿಕ್ಕಿದ್ದನ್ನು ಕಡಿಯುತ್ತದೆ. ಊಟಕ್ಕೆ ಬೇರೆ ಏನಾದರೂ ಇಟ್ಟರೆ ತಂತಿ ಉಳಿದೀತು ಎಂಬ ಆಸೆ ವ್ಯರ್ಥ.

ಮರ, ರಬ್ಬರ್, ಪ್ಲಾಸ್ಟಿಕ್, ಸೀಸ, ಅಲ್ಯೂಮಿನಿಯಂ ಈ ಹಲ್ಲಿಗೆ ಬಗ್ಗುತ್ತವೆ. ದೋಣಿಯ ಉಕ್ಕು ಬಗ್ಗುವುದಿಲ್ಲ. ಕಡಿತ ಶುರುವಾಗಲು ಒಂದು ಅಂಚು ಸಿಗಬೇಕು. ಬೆಸುಗೆ ಹಾಕಿದ ನುಣುಪು ತಗಡಿನಲ್ಲಿ ಆ ಅಂಚೇ ಇಲ್ಲ. ಹಾಗಾಗಿ ಇಲಿ ದೋಣಿಗೆ ಹೊಸ ದಾರಿ ಕೊರೆಯಲಾರದು. ಮನುಷ್ಯ ತನಗಾಗಿ ಬಿಟ್ಟುಕೊಂಡ ರಂಧ್ರಗಳಲ್ಲೇ ಅದು ಬರಬೇಕು. ಇಟ್ಟಿಗೆಯ ಮನೆಗಿಲ್ಲದ, ಹೆಂಚಿನ ಮನೆಗಂತೂ ಇಲ್ಲವೇ ಇಲ್ಲದ ದೊಡ್ಡ ಅನುಕೂಲ ಇದು: ಬಾಗಿಲುಗಳನ್ನು ಎಣಿಸಿ ಮುಗಿಸಬಹುದು. ಮುಂದಿನ, ಹಿಂದಿನ ಬಾಗಿಲಿನ ಕೆಳಗಿನ ಸಂದು. ಬಾಗಿಲಿನಲ್ಲೇ ಕೂರಿಸಿದ ಗಾಳಿಜಾಲರಿ. ಚಾವಣಿಯ ಮೇಲೆ ಅಣಬೆಯಾಕಾರದ ಹಿತ್ತಾಳೆಯ ಗಾಳಿಗಂಡಿಗಳು. ಎಂಜಿನ್ ಕೋಣೆಯಿಂದ ಕ್ಯಾಬಿನ್ನಿಗೆ ತಂತಿ, ಪೈಪು ದಾಟಿಸಲು ಕೊರೆದು ಪೂರ್ತಿ ಮುಚ್ಚದೆ ಬಿಟ್ಟ ತೂತುಗಳು. ಈ ಕೊನೆಯದನ್ನೇ ಜನ ಹೆಚ್ಚಾಗಿ ಮರೆಯುವುದು. ಸಣ್ಣಿಲಿಗೆ 6-7 ಮಿ.ಮೀ. ಸಾಕು; ಬಾಲ್‌ಪೆನ್ನು ತೂರಿದರೆ ಅದೂ ತೂರುತ್ತದೆ. ಕಂದು ಇಲಿಗೆ ಹೆಬ್ಬೆರಳು ಹಿಡಿಸುವಷ್ಟು ಜಾಗ ಬೇಕು.

ಹಾಗೆಂದು ಕಂಡ ರಂಧ್ರಗಳನ್ನೆಲ್ಲ ಮುಚ್ಚುವುದು ಇಲಿಗಿಂತ ದೊಡ್ಡ ಅಪಾಯ. ನ್ಯಾರೋಬೋಟ್‌ನಲ್ಲಿ ಚಳಿಗಾಲವಿಡೀ ಕಲ್ಲಿದ್ದಲು ಅಥವಾ ಸೌದೆಯ ಒಲೆ ಉರಿಯುತ್ತದೆ, ಅಡುಗೆ ಗ್ಯಾಸಿನಲ್ಲಿ. ಗಾಳಿ ಸಾಲದಾದರೆ ಬಣ್ಣ, ವಾಸನೆ ಯಾವುದೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ, ಮಲಗಿದವರು ಏಳುವುದಿಲ್ಲ. ಬ್ರಿಟನ್ನಿನ ದೋಣಿ ಸುರಕ್ಷತಾ ನಿಯಮಗಳು 2019ರ ಏಪ್ರಿಲ್‌ನಿಂದ ವಾಸದ ಕ್ಯಾಬಿನ್ ಇರುವ ದೋಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕೆಂದು ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ಗ್ಯಾಸ್ ಸಿಲಿಂಡರ್ ಇಡುವ ಗೂಡಿನ ತಳದ ರಂಧ್ರವೂ ಅಷ್ಟೇ ಮುಖ್ಯ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ತಳಕ್ಕಿಳಿದು ಆ ರಂಧ್ರದಿಂದ ಹೊರಗೆ ಹೋಗಬೇಕು. ಅದನ್ನು ಯಾವ ಕಾರಣಕ್ಕೂ ಕಟ್ಟಬಾರದು. ಗಾಳಿಗಂಡಿಗಳಿಗೆ 5-6 ಮಿ.ಮೀ. ಕಣ್ಣಿನ ಸ್ಟೇನ್‌ಲೆಸ್ ಉಕ್ಕಿನ ಜಾಲರಿ ಹಾಕಿ, ಧೂಳು ಕಟ್ಟದಂತೆ ಆಗಾಗ ಉಜ್ಜುತ್ತಿರಬೇಕು. ಜಾಲರಿಯ ತಂತಿಯೂ ಗಾಳಿಯ ಜಾಗ ತಿನ್ನುವುದರಿಂದ, ಗಂಡಿ ಚಿಕ್ಕದಿದ್ದರೆ ಇನ್ನೊಂದನ್ನು ಕೂಡಿಸಬೇಕಾದೀತು. ತಂತಿ ದಾಟುವ ತೂತುಗಳಿಗೆ ತಾಮ್ರದ ಜಾಲರಿ ತುರುಕಿ ಮೇಲೆ ಗಟ್ಟಿ ಅಂಟು ಬಳಿಯುವುದು ಒಳ್ಳೆಯದು. ಸಾಮಾನ್ಯ ಉಕ್ಕಿನ ನಾರು ದೋಣಿಯ ತೇವಕ್ಕೆ ತುಕ್ಕು ಹಿಡಿದು ಉದುರುತ್ತದೆ. ಡಬ್ಬಿಯಿಂದ ಉಬ್ಬಿ ಬರುವ ನೊರೆಯನ್ನು ಮಾತ್ರ ನೆಚ್ಚಬೇಡಿ, ಇಲಿ ಅದನ್ನು ಒಂದೇ ರಾತ್ರಿಯಲ್ಲಿ ಕೊರೆಯುತ್ತದೆ.

ಬಂದಿರುವುದು ಯಾವ ಪ್ರಾಣಿ ಎಂದು ತಿಳಿಯದೆ ಮುಂದಿನ ಹೆಜ್ಜೆ ಇಡಬಾರದು. ಕಾಲುವೆದಂಡೆಯಲ್ಲಿ ನಾಲ್ಕು ಜೀವಿಗಳನ್ನು ಗುರುತು ಹಿಡಿಯಬೇಕು. ಮನೆಯ ಸಣ್ಣಿಲಿ ಮೈಯೆಲ್ಲ ಒಂದೇ ಬೂದುಗಂದು ಬಣ್ಣ, ಹಿಕ್ಕೆ ಅಕ್ಕಿನುಚ್ಚಿನಷ್ಟು. ಬೇಲಿ, ಹೊಲಗಳಿಂದ ಚಳಿಗಾಲದ ಹೊತ್ತಿಗೆ ಒಳಬರುವ ಕಾಡಿನ ಸಣ್ಣಿಲಿಗೆ ದೊಡ್ಡ ಕಣ್ಣು, ದೊಡ್ಡ ಕಿವಿ, ಬಿಳಿ ಹೊಟ್ಟೆ. ಊರಾಚೆ ಕಟ್ಟಿದ ದೋಣಿಗಳಲ್ಲಿ ಎಷ್ಟೋ ಸಲ ಇರುವುದು ಇದೇ. ಬೂಟಿನೊಳಗೆ, ದಿಂಬಿನ ಹಿಂದೆ ಕಾಳು ಕೂಡಿಟ್ಟದ್ದು ಕಂಡರೆ ಇದರದೇ ಕೆಲಸ ಎನ್ನಬಹುದು. ಮೂರನೆಯದು ಕಂದು ಇಲಿ. 18ನೇ ಶತಮಾನದ ಮೊದಲ ಭಾಗದಲ್ಲಿ ಬ್ರಿಟನ್ನಿಗೆ ಬಂದು ಅಲ್ಲಿದ್ದ ಕಪ್ಪು ಇಲಿಯನ್ನು ಬಹುಪಾಲು ಮೂಲೆಗೊತ್ತಿದ ಜಾತಿ. ಇದರ ಹಿಕ್ಕೆ ಸೆಂಟಿಮೀಟರಿಗೂ ಉದ್ದ.

ನಾಲ್ಕನೆಯದು ಇಲಿಯಂತೆ ಕಾಣುವ, ಆದರೆ ದೋಣಿಗೆ ಯಾವ ತೊಂದರೆಯನ್ನೂ ಕೊಡದ ವಾಟರ್ ವೋಲ್. ಮೊಂಡು ಮೂಗು, ರೋಮದಲ್ಲಿ ಮುಚ್ಚಿಹೋದ ಪುಟ್ಟ ಕಿವಿ, ಕೂದಲಿರುವ ಗಿಡ್ಡ ಬಾಲ. ದಂಡೆಯ ಹುಲ್ಲು ತಿಂದು, ದಂಡೆಯಲ್ಲೇ ಬಿಲ ತೋಡಿ ಬದುಕುತ್ತದೆ. ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ ‘ದಿ ವಿಂಡ್ ಇನ್ ದಿ ವಿಲೋಸ್’ನಲ್ಲಿ ಬ್ರಿಟನ್ನಿನ ಮಕ್ಕಳೆಲ್ಲ ಬಲ್ಲ ರ‍್ಯಾಟಿ ನಿಜವಾಗಿ ಈ ಪ್ರಾಣಿಯೇ. ತುಪ್ಪಳಕ್ಕಾಗಿ ಸಾಕಿದ್ದ ಅಮೆರಿಕದ ಮಿಂಕ್ ಎಂಬ ಬೇಟೆಪ್ರಾಣಿಗಳು ತಪ್ಪಿಸಿಕೊಂಡು ನದಿದಂಡೆಗಳಲ್ಲಿ ಹಬ್ಬಿದ ಮೇಲೆ, ನೆಲೆಗಳೂ ಹಾಳಾಗಿ, ಇದರ ಸಂತತಿ ಭೀಕರವಾಗಿ ಕುಸಿಯಿತು. 2008ರಿಂದ ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನಿನ ಪೂರ್ಣ ರಕ್ಷಣೆ ಇದೆ. ಇಲಿ ಎಂದು ತಪ್ಪು ತಿಳಿದು ದಂಡೆಯ ಬಿಲಕ್ಕೆ ವಿಷ ಸುರಿದರೆ ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ತುಂಬಲಾರದ ನಷ್ಟ.

ಗುರುತು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಸಣ್ಣಿಲಿಗೂ ಕಂದು ಇಲಿಗೂ ಬದುಕುವ ರೀತಿಯೇ ಬೇರೆ. ಸಣ್ಣಿಲಿ ದಿನಕ್ಕೆ ತಿನ್ನುವುದು ಮೂರು ಗ್ರಾಂ ಆಸುಪಾಸು. ಬೇಕಾದ ನೀರಿನ ಬಹುಪಾಲನ್ನು ಆಹಾರದಿಂದಲೇ ಪಡೆಯಬಲ್ಲದು. ದಡದ ಹಂಗಿಲ್ಲದೆ ಅದು ದೋಣಿಯೊಳಗೇ ಹುಟ್ಟಿ ಬೆಳೆದು ಮರಿಹಾಕಬಹುದು. ಟರ್ಕಿಯ ಉಲುಬುರುನ್ ಎಂಬಲ್ಲಿ ಕ್ರಿ.ಪೂ. 14ನೇ ಶತಮಾನದಲ್ಲಿ ಮುಳುಗಿದ ಹಡಗಿನ ಅವಶೇಷದಲ್ಲಿ ಸಣ್ಣಿಲಿಯೊಂದರ ದವಡೆ ಸಿಕ್ಕಿತು. ಅದರ ಹಲ್ಲಿನ ಆಕಾರವನ್ನು ಅಳೆದ ತಾಮಸ್ ಕುಕ್ಕಿ ಅವರು 2008ರಲ್ಲಿ, ಅದು ಸಿರಿಯಾ ಕರಾವಳಿಯಲ್ಲಿ ಹಡಗು ಹತ್ತಿದ್ದಿರಬೇಕು ಎಂದು ತೋರಿಸಿದರು. ಮೂರು ಸಾವಿರ ವರ್ಷಗಳ ಹಿಂದೆಯೇ ಸಣ್ಣಿಲಿ ಸರಕಿನ ಜೊತೆ ಪ್ರಯಾಣ ಮಾಡುತ್ತಿತ್ತು. ದೋಣಿಯನ್ನು ಹತ್ತು ಮೈಲಿ ಮುಂದಕ್ಕೆ ನಡೆಸಿದರೆ ಅದೂ ಹತ್ತು ಮೈಲಿ ಬರುತ್ತದೆ.

ಕಂದು ಇಲಿಗೆ ದಿನವೂ ನೀರು ಬೇಕು, ಸಾಮಾನ್ಯವಾಗಿ ಅದರ ಬಿಲ ಇರುವುದು ದಂಡೆಯ ಮಣ್ಣಿನಲ್ಲಿ. ರಾತ್ರಿ ದೋಣಿಗೆ ಬಂದು ತಿಂದು ಬೆಳಗಾಗುವುದರೊಳಗೆ ಹಿಂದಿರುಗುತ್ತದೆ. ಸಮುದ್ರದ ಹಡಗುಗಳಲ್ಲಿ ಹಗ್ಗಕ್ಕೆ ತಗಡಿನ ತಟ್ಟೆ ಕಟ್ಟಿ ಇಲಿಯನ್ನು ತಡೆಯುವುದುಂಟು. ಕಾಲುವೆಯಲ್ಲಿ ದೋಣಿ ದಡಕ್ಕೆ ಒರಗಿಕೊಂಡೇ ನಿಂತಿರುವುದರಿಂದ ಅದು ಉಪಯೋಗವಿಲ್ಲ. ಇಲಿ ಹಗ್ಗ ಬಿಟ್ಟು ನೇರ ನೆಗೆಯುತ್ತದೆ. ನೀರಂತೂ ಅದಕ್ಕೆ ಅಡ್ಡಿಯೇ ಅಲ್ಲ. ನ್ಯೂಜಿಲೆಂಡಿನಲ್ಲಿ ಜೇಮ್ಸ್ ರಸೆಲ್ ಮತ್ತು ಸಂಗಡಿಗರು ರೇಡಿಯೋ ಪಟ್ಟಿ ಕಟ್ಟಿ ನಿರ್ಜನ ದ್ವೀಪವೊಂದರಲ್ಲಿ ಬಿಟ್ಟ ಕಂದು ಇಲಿ, ಬಗೆಬಗೆಯ ಬೋನುಗಳನ್ನೆಲ್ಲ ತಪ್ಪಿಸಿಕೊಂಡು, 400 ಮೀಟರ್ ಸಮುದ್ರವನ್ನು ಈಜಿ ಪಕ್ಕದ ದ್ವೀಪ ಸೇರಿತ್ತು. ಬಿಟ್ಟು 18 ವಾರಗಳಾದ ಮೇಲೆ ಪೆಂಗ್ವಿನ್ ಮಾಂಸದ ಆಸೆಗೆ ಸಿಕ್ಕಿಬಿತ್ತು. 2005ರಲ್ಲಿ ‘ನೇಚರ್’ ಪತ್ರಿಕೆ ಈ ವರದಿಯನ್ನು ಪ್ರಕಟಿಸಿತು.

ಆದರೆ ದಡದಿಂದ ಬಂದು ಹೋಗುವ ಇಲಿಗೆ ದೋಣಿಯವರ ಕೈಯಲ್ಲಿ ಒಂದು ಉತ್ತರವಿದೆ, ಅದು ಬೇರೆ ಯಾವ ಮನೆಯವರಿಗೂ ಇಲ್ಲ: ಹಗ್ಗ ಬಿಚ್ಚಿ ಹೊರಡುವುದು. ಖಾಯಂ ತಂಗುದಾಣವಿಲ್ಲದ ದೋಣಿಗಳು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂದು 1995ರ ಕಾನೂನೇ ಹೇಳುತ್ತದೆ. ದಂಡೆಯಲ್ಲಿ ಬಿಲಗಳು, ಬಾತುಕೋಳಿಗೆಂದು ಎಸೆದ ಬ್ರೆಡ್ಡು, ತುಂಬಿ ತುಳುಕುವ ಕಸದ ತೊಟ್ಟಿ ಕಂಡ ಜಾಗದಲ್ಲಿ ದೋಣಿ ಕಟ್ಟದಿರುವುದು ಎಲ್ಲ ಬೋನುಗಳಿಗಿಂತ ಮೇಲು. ಎಂಜಿನ್ ಕೋಣೆಯಲ್ಲಿ ಗೂಡು ಕಟ್ಟಿದ್ದರೆ ಮಾತ್ರ ಈ ಉಪಾಯ ನಡೆಯದು.

ಈಗ ಪಾಷಾಣದ ವಿಚಾರ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದಕ್ಕೆ ಬೇಕಾದ ನರವ್ಯವಸ್ಥೆಯೇ ಅದರ ಮೆದುಳುಕಾಂಡದಲ್ಲಿಲ್ಲ. ನುಂಗಿದ್ದನ್ನು ಹೊರಹಾಕಲಾಗದ ಪ್ರಾಣಿ ನುಂಗುವ ಮೊದಲೇ ಎಚ್ಚರವಾಗಿರಬೇಕು. ಅದರ ಎಚ್ಚರ ಎರಡು ಬಗೆಯದು. ಒಂದು, ಹೊಸದರ ಭಯ: ತನ್ನ ದಾರಿಯಲ್ಲಿ ಹೊಸ ವಸ್ತು ಕಂಡರೆ ಕಂದು ಇಲಿ ಕೆಲವು ದಿನ ಅದರ ಹತ್ತಿರ ಸುಳಿಯುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಆಹಾರ ದಾಸ್ತಾನು ಉಳಿಸಲು ಆಕ್ಸ್‌ಫರ್ಡ್‌ನಲ್ಲಿ ಚಾರ್ಲ್ಸ್ ಎಲ್ಟನ್ ಅವರ ತಂಡ, ಸರ್ಕಾರದ ಕೆಲಸದಲ್ಲಿ ಆಂಥನಿ ಬಾರ್ನೆಟ್ ಅಂಥವರು ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಇನ್ನೊಂದು, ರುಚಿಯ ನೆನಪು: 1950 ಮತ್ತು 60ರ ದಶಕಗಳಲ್ಲಿ ಜಾನ್ ಗಾರ್ಸಿಯಾ ತೋರಿಸಿಕೊಟ್ಟಂತೆ, ಒಂದು ರುಚಿಯನ್ನು ಸವಿದು ಗಂಟೆಗಳ ಮೇಲೆ ಹೊಟ್ಟೆ ಕೆಟ್ಟರೂ ಇಲಿ ಆ ರುಚಿಯನ್ನು ಮತ್ತೆ ಮುಟ್ಟುವುದಿಲ್ಲ.

ವಾರ್ಫರಿನ್ ಗೆದ್ದದ್ದು ಇಲ್ಲಿ. ಕೊಳೆತ ಸಿಹಿ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದ ಕಾರಣವನ್ನು ಹುಡುಕಿ ಹೊರಟ ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದಿಂದ ಬಂದ ಈ ರಾಸಾಯನಿಕ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಚಕ್ರವನ್ನು ಇದು ನಿಲ್ಲಿಸುತ್ತದೆ. ಸಾವು ಬರುವುದು ದಿನಗಳ ನಂತರ, ಆದ್ದರಿಂದ ತಿಂದದ್ದಕ್ಕೂ ನರಳಿದ್ದಕ್ಕೂ ಇಲಿಗೆ ನಂಟು ಕಾಣುವುದಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ, 1958ರಲ್ಲಿ, ಸ್ಕಾಟ್‌ಲೆಂಡ್‌ನಲ್ಲಿ ವಾರ್ಫರಿನ್‌ಗೆ ಜಗ್ಗದ ಇಲಿಗಳು ಕಾಣಿಸಿಕೊಂಡವು. ಕಾರಣವಾದ ವಿಕೆಒಆರ್‌ಸಿ1 ಎಂಬ ಜೀನ್ ಪತ್ತೆಯಾದದ್ದು 2004ರಲ್ಲಿ. ಈ ಜೀನ್‌ನ ಎಲ್120ಕ್ಯೂ ಎಂಬ ರೂಪಾಂತರವಿರುವ ಇಲಿಗಳು ವಾರ್ಫರಿನ್ ಇರಲಿ, ಅದರ ನಂತರ ಬಂದ ಬ್ರೋಮಡಯೊಲೋನ್‌ನಂಥ ವಿಷಗಳನ್ನೂ ತಾಳಿಕೊಳ್ಳುತ್ತವೆ. ಹ್ಯಾಂಪ್‌ಶೈರ್, ಬರ್ಕ್‌ಶೈರ್‌ಗಳು ಈ ರೂಪಾಂತರದ ಮುಖ್ಯ ನೆಲೆ. ದೋಣಿವಾಸಿಗಳಿಗೆ ಬಹಳ ಪ್ರಿಯವಾದ ಕೆನೆಟ್ ಮತ್ತು ಏವನ್ ಕಾಲುವೆ ಹಾದುಹೋಗುವುದು ಅದೇ ಬರ್ಕ್‌ಶೈರ್ ಮೂಲಕ.

ವಿಷ ಕೆಲಸ ಮಾಡಿತು ಎಂದೇ ಇಟ್ಟುಕೊಳ್ಳೋಣ. ಇಲಿ ಸಾಯುವುದು ಹಲಗೆಯ ಹಿಂದಿನ ಕತ್ತಲ ಓಣಿಯಲ್ಲಿ. ಅದನ್ನು ತೆಗೆಯಲು ಕ್ಯಾಬಿನ್ನಿನ ಹಲಗೆಗಳನ್ನೇ ಕೀಳಬೇಕು. ಕೀಳದಿದ್ದರೆ ವಾರಗಟ್ಟಲೆ ನಾತ, ನೊಣ. ಸಾಯುವ ಮುನ್ನ ತೂರಾಡುತ್ತ ಹೊರಗೆ ಬಂದ ಇಲಿಯನ್ನು ಗೂಬೆ ಹಿಡಿಯುತ್ತದೆ, ಪಕ್ಕದ ದೋಣಿಯ ನಾಯಿ ಕಚ್ಚುತ್ತದೆ. ಬ್ರಿಟನ್ನಿನಲ್ಲಿ ಸತ್ತು ಸಿಕ್ಕ ಕಣಜದ ಗೂಬೆಗಳನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಎಂಟಕ್ಕೂ ಹೆಚ್ಚಿನವುಗಳ ಯಕೃತ್ತಿನಲ್ಲಿ ಇಲಿ ಪಾಷಾಣದ ಅಂಶ ಸಿಕ್ಕಿದೆ. ಇಲಿಯನ್ನು ದಿನವೂ ಹಿಡಿದು ತಿನ್ನುವ ಹಕ್ಕಿಗೆ ನಾವು ವಿಷ ಉಣಿಸುತ್ತಿದ್ದೇವೆ. ಇದು ನನಗೆ ಸಹಿಸಲಾಗದ ಸಂಗತಿ.

ಉಳಿಯುವುದು ಬೋನು, ಒಂದೇ ಏಟಿಗೆ ಕೊಲ್ಲುವ, ಗಟ್ಟಿ ಸ್ಪ್ರಿಂಗಿನ ಬೋನು. ಅದನ್ನು ಒಡ್ಡುವ ಕ್ರಮ ಪ್ರಾಣಿಯ ಸ್ವಭಾವದಂತೆ ಬೇರೆಬೇರೆ. ಸಣ್ಣಿಲಿಗೆ ಹೊಸದರ ಭಯ ಕಡಿಮೆ, ಕುತೂಹಲ ಹೆಚ್ಚು. ಒಂದೇ ಕಡೆ ಕೂತು ತಿನ್ನದೆ ಹತ್ತಾರು ಕಡೆ ಚೂರುಚೂರು ಕಚ್ಚುತ್ತದೆ. ಅದಕ್ಕೆ ಮೊದಲ ರಾತ್ರಿಯೇ ಅನೇಕ ಬೋನು ಒಡ್ಡಿ, ಕಡಲೆಕಾಯಿ ಬೆಣ್ಣೆಯನ್ನು ಕಾಳಿನಷ್ಟೇ ಹಚ್ಚಿದರೆ ಸಾಕು. ಕಂದು ಇಲಿಗೆ ತಾಳ್ಮೆ ಬೇಕು. ತಿಂಡಿ ಇಟ್ಟ ಬೋನುಗಳನ್ನು ಸ್ಪ್ರಿಂಗ್ ಎಳೆಯದೆ ಕೆಲವು ದಿನ ಹಾಗೇ ಬಿಡಬೇಕು. ತಿಂಡಿ ಖಾಲಿಯಾಗತೊಡಗಿದ ಮೇಲೆ ಎಲ್ಲವನ್ನೂ ಒಂದೇ ರಾತ್ರಿ ಒಡ್ಡಬೇಕು. ಯಾವ ಇಲಿಯಾದರೂ ಬಯಲಲ್ಲಿ ನಡೆಯದು. ಮೀಸೆ ಗೋಡೆಗೆ ತಾಗುವಂತೆ ಅಂಚಿನಲ್ಲೇ ಓಡುತ್ತದೆ. ಬೋನಿನ ತಿಂಡಿಯ ತುದಿ ಗೋಡೆಗೆ ತಾಗುವಂತೆ ಅಡ್ಡಲಾಗಿ ಇಡಬೇಕು. ಹಲಗೆಯ ಅಂಚಿನ ಜಿಡ್ಡಿನ ಕಲೆ ಎಲ್ಲಿದೆ ಎಂದು ನೋಡಿದರೆ ದಾರಿ ತಾನಾಗಿ ತಿಳಿಯುತ್ತದೆ.

ಅಂಟುಹಲಗೆ ಬೇಡ. ಅದರ ಮೇಲೆ ಇಲಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ಪರವಾನಗಿ ಇಲ್ಲದವರು ಅದನ್ನು ಬಳಸುವುದು ಇಂಗ್ಲೆಂಡಿನಲ್ಲಿ 2024ರ ಜುಲೈ ಕೊನೆಯಿಂದ ಅಪರಾಧ. ಶ್ರವಣಾತೀತ ಶಬ್ದದ ಯಂತ್ರಗಳ ಅಲೆ ಹಲಗೆಯನ್ನೇ ದಾಟದು, ಇಲಿ ಅದಕ್ಕೆ ಬೇಗ ಒಗ್ಗಿಯೂ ಹೋಗುತ್ತದೆ. ಬೆಕ್ಕು ಸಣ್ಣಿಲಿಗೆ ಸರಿ. ಬೆಳೆದ ಕಂದು ಇಲಿಯ ತಂಟೆಗೆ ಹೆಚ್ಚಿನ ಬೆಕ್ಕುಗಳು ಹೋಗುವುದಿಲ್ಲ.

ಹಿಡಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ, ತೊಳೆಯುವುದು. ಸಣ್ಣಿಲಿ ನಡೆದಲ್ಲೆಲ್ಲ ಹನಿಹನಿ ಮೂತ್ರ ಬಿಡುತ್ತದೆ. ಗಂಡಿಲಿಯ ಮೂತ್ರದಲ್ಲಿ ಹೆಣ್ಣನ್ನು ಸೆಳೆಯುವ ಪ್ರೋಟೀನೊಂದನ್ನು ಲಿವರ್‌ಪೂಲ್‌ನ ಜೇನ್ ಹರ್ಸ್ಟ್ ಮತ್ತು ಸಂಗಡಿಗರು 2010ರಲ್ಲಿ ಗುರುತಿಸಿ, ಜೇನ್ ಆಸ್ಟಿನ್ ಕಾದಂಬರಿಯ ನಾಯಕ ಡಾರ್ಸಿಯ ಹೆಸರಿನಿಂದ ಡಾರ್ಸಿನ್ ಎಂದು ಕರೆದರು. ಆ ವಾಸನೆ ಮೂಸಿದ ಹೆಣ್ಣಿಲಿ, ಮೂಸಿದ ಜಾಗವನ್ನೂ ನೆನಪಿಟ್ಟುಕೊಂಡು ಮರಳಿ ಬರುತ್ತದೆ. ಹಳೆಯ ದಾರಿಯನ್ನು ಒರೆಸದೆ ಬಿಟ್ಟರೆ ಹೊಸ ಇಲಿಗೆ ಗುರುತು ಬಿಟ್ಟುಕೊಟ್ಟಂತೆ. ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಬಾರದು, ಧೂಳು ಮೂಗಿಗೆ ಹೋಗುತ್ತದೆ. ಸೋಂಕುನಾಶಕ ಸಿಂಪಡಿಸಿ ನೆನೆಸಿ, ಕೈಗವಸು ಹಾಕಿ ಒರೆಸಬೇಕು.

ಕಂದು ಇಲಿಯ ಮೂತ್ರದಲ್ಲಿ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಇರಬಹುದು. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಕಾಣಿಸುವ ಇಲಿ ಜ್ವರ ಇದರದೇ. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಕಾಲಿನ ಬಿರುಕಿನಿಂದ ಹೇಗೆ ಒಳಹೋಗುತ್ತದೋ, ಕಾಲುವೆಯಲ್ಲಿ ಒದ್ದೆ ಹಗ್ಗ ಎಳೆಯುವವರಿಗೆ ಅಂಗೈಯ ತರಚುಗಾಯದಿಂದ ಹಾಗೆಯೇ. ಒಣಗಿದರೆ ಸಾಯುವ ಈ ಜೀವಿ ಸಿಹಿನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. 1984 ಮತ್ತು 1988ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿಗೆ ಚಿನ್ನ ಗೆದ್ದ ಹುಟ್ಟುಗಾರ ಆಂಡಿ ಹೋಮ್ಸ್ 2010ರಲ್ಲಿ ತೀರಿಕೊಂಡಾಗ ವೈದ್ಯರು ಶಂಕಿಸಿದ್ದು ಇದನ್ನೇ. ಗಾಯಕ್ಕೆ ನೀರು ತಾಗದ ಪಟ್ಟಿ ಹಾಕುವುದು, ಹಗ್ಗ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರದಿರುವುದು ದೊಡ್ಡ ರಕ್ಷಣೆ. ಒಂದೆರಡು ವಾರದ ಮೇಲೆ ಜ್ವರ, ತಲೆನೋವು, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ಫ್ಲೂ ಎಂದು ಮಲಗಬಾರದು. ಬೇಗ ಹಿಡಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಔಷಧಗಳಿಗೆ ಅದು ಬಗ್ಗುತ್ತದೆ. ವೈದ್ಯರ ಬಳಿ ಹೋದವರು ಬಾಯಿಬಿಟ್ಟು ಹೇಳಬೇಕು: ನಾನು ಕಾಲುವೆಯ ಮೇಲೆ ವಾಸ ಮಾಡುತ್ತೇನೆ, ದೋಣಿಯಲ್ಲಿ ಇಲಿ ಬಂದಿತ್ತು.